ಪಗಾರ ನಿಲ್ಲೋಕಿಂತ ಮೊದ್ಲೇ ಮನಿಗೆ ಕಾಳು ಕಡಿ ತುಂಬಿಟ್ಕೊಳ್ಳೋದು ಹ್ಯಾಂಗ

ನಮ್ಮ ಕಲಬುರಗಿ ಕಡೆ ಎಷ್ಟೋ ಮನಿಯಾಗ ಹನ್ನೆರಡೂ ತಿಂಗಳು ಒಂದೇ ನಮೂನಿ ರೊಕ್ಕ ಬರಂಗಿಲ್ಲ. ಸರ್ಕಾರಿ ಸಾಲಿ ಅತಿಥಿ ಶಿಕ್ಷಕರಿಗೆ ಪರೀಕ್ಷಿ ಮುಗಿದು ಬ್ಯಾಸಗಿ ರಜಾ ಬಿದ್ರ ಗೌರವಧನ ಇಲ್ಲ, ಕಾಂಟ್ರ್ಯಾಕ್ಟ್ ಮ್ಯಾಲ ದುಡಿಯೋರಿಗೆ ಮಾರ್ಚ್ ಕಡಿಗೆ ಆರ್ಡರ್ ಮುಗಿತದ ಮುಂದಿಂದು ಯಾವಾಗೋ ಗೊತ್ತಿರಂಗಿಲ್ಲ, ಬ್ಯಾಳಿ ಮಿಲ್ಲಿನಾಗ ಹಮಾಲಿ ಮಾಡೋರಿಗೆ ತೊಗರಿ ಸುಗ್ಗಿ ಇಳಿದ ಮ್ಯಾಲ ಕೆಲಸಾನೂ ಇಳಿತದ, ಮನಿಯಾಗ ಹೆರಿಗಿ ಇದ್ರ ಇಬ್ರು ದುಡಿಯೋ ಜಾಗಾದಾಗ ಒಬ್ರೇ ಆಗ್ತಾರ. ಇವೆಲ್ಲ ಒಮ್ಮಿಂದೊಮ್ಮೆಲೆ ಬರೋವಲ್ಲ, ಎರಡ್ಮೂರು ತಿಂಗಳು ಮೊದ್ಲೇ ಗೊತ್ತಿರ್ತಾವ. ಗೊತ್ತಿದ್ದ ಮ್ಯಾಲ ಕೈಯಾಗ ರೊಕ್ಕ ಆಡೋ ದಿನದಾಗೇ ಹೊಟ್ಟಿಗೆ ಬೇಕಾಗಿದ್ದನ್ನ ಮನಿಯೊಳಗ ತಂದು ಇಟ್ಕೊಂಡ್ರ ಆ ತಿಂಗಳು ಬಂದಾಗ ಎದಿ ಹೊಡ್ಕೊಳ್ಳಂಗಿಲ್ಲ.

ನಮ್ಮ ಮನಿಯವ್ರೂ ಅತಿಥಿ ಶಿಕ್ಷಕರೇ, ಹಿಂಗಾಗಿ ಏಪ್ರಿಲ್, ಮೇ, ಜೂನ್ ಮೂರು ತಿಂಗಳಿಗೆ ಆಗೋವಷ್ಟು ಮಾರ್ಚಿನೊಳಗ ಕೂಡಿಸಿ ಇಡೋದು ನಮ್ಮ ಮನಿ ಪದ್ಧತಿ ಆಗ್ಯಾದ. ಗಂಡ ಹೆಂಡ್ತಿ ಎರಡು ಮಕ್ಕಳು, ನಾಲ್ಕು ಮಂದಿ ಲೆಕ್ಕದಾಗ ಬರೀತೀನಿ, ನಿಮ್ಮ ಮನಿಯಾಗ ಅತ್ತಿ ಮಾವ ಇದ್ರ ಹೆಚ್ಚ ಮಾಡ್ಕೊಳ್ರಿ.

ಪೈಲಾ ಒಂದು ಮಾತು. ಕೈಯಾಗಿನ ರೊಕ್ಕ ಎಲ್ಲಾ ಕಿರಾಣಿಗೆ ಸುರಿಬ್ಯಾಡ್ರಿ. ಮನಿ ಬಾಡಗಿ, ಗುಳಿಗಿ ಔಷಧ, ಗ್ಯಾಸ್, ಕಂತು ಇದ್ರ ಕಂತು, ಜೂನಿನ್ಯಾಗ ಸಾಲಿ ಶುರು ಆಗೋದ್ರಿಂದ ನೋಟ್ ಬುಕ್ಕು ಬ್ಯಾಗು, ಇವಕ್ಕೆಲ್ಲ ಬೇಕಾಗೋ ರೊಕ್ಕ ಮೊದ್ಲು ಬ್ಯಾರೆ ಎತ್ತಿಟ್ಟು ಉಳಿದಿದ್ದರಾಗ ಕಾಳು ತಗೊಳ್ರಿ, ಯಾಕಂದ್ರ ಮನಿಯಾಗ ಚೀಲ ತುಂಬ ಜ್ವಾಳ ಇದ್ದು ಕೂಸಿಗೆ ಜ್ವರ ಬಂದಾಗ ದವಾಖಾನಿಗೆ ನೂರು ರೂಪಾಯಿ ಇಲ್ಲಂದ್ರ ಏನು ಮಾಡ್ತೀರಿ. ಇನ್ನ ಸಾಲ ತಂದು, ಬಂಗಾರ ಅಡಾ ಇಟ್ಟು, ಫೈನಾನ್ಸ್‌ದವ್ರ ಹತ್ರ ವಾರದ ಕಂತಿನ ಮ್ಯಾಲ ರೊಕ್ಕ ಎತ್ತಿ ರೇಷನ್ ತುಂಬೋದಂತೂ ಬ್ಯಾಡೇ ಬ್ಯಾಡ, ಬಡ್ಡಿ ಕಟ್ಟಿದ ಮ್ಯಾಲ ಸಸ್ತಾ ತಂದ ಬ್ಯಾಳಿ ತುಟ್ಟಿನೇ ಬೀಳ್ತದ.

ಎರಡನೇದು, ಅಂದಾಜಿನ ಮ್ಯಾಲ ತರಬ್ಯಾಡ್ರಿ. ಪಗಾರ ಇರೋ ಒಂದು ತಿಂಗಳು ಪೂರ್ತಿ ಒಂದು ನೋಟ್ ಬುಕ್ಕಿನ್ಯಾಗ ಬರ್ಕೊಳ್ರಿ, ಎಷ್ಟು ಕೆಜಿ ಹಿಟ್ಟು ಗಿರಣಿಯಿಂದ ಬಂತು, ಎಣ್ಣಿ ಎಷ್ಟು ಪಾಕೀಟು ಒಡದ್ರಿ, ಚಾಪುಡಿ ಎಷ್ಟು ದಿನಕ್ಕ ತೀರ್ತು. ಬರ್ಕೊಂಡು ನೋಡಿದಾಗೇ ಖರೆ ತಿಳಿತದ, ಒಬ್ಬೊಬ್ರ ಮನಿಯಾಗ ಬ್ಯಾಳಿಕಿಂತ ಸಕ್ರಿನೇ ಹೆಚ್ಚ ಖರ್ಚ ಆಗಿರ್ತದ. ನಮ್ಮ ಕಡಿ ಊಟದ ಲೆಕ್ಕ ಸುಮಾರು ಹಿಂಗ ಬರ್ತದ: ಒಂದು ಕೆಜಿ ಜ್ವಾಳದ ಹಿಟ್ಟಿಗೆ ಬಡಿಯೋ ಕೈ ಮ್ಯಾಲ ಹನ್ನೆರಡರಿಂದ ಹದಿನೈದು ರೊಟ್ಟಿ, ನಾಲ್ಕು ಮಂದಿಗೆ ದಿನಕ್ಕ ಹತ್ತು ಹನ್ನೆರಡು ರೊಟ್ಟಿ ಹೋದ್ರ ತಿಂಗಳಿಗೆ 25ರಿಂದ 30 ಕೆಜಿ, ಅಂದ್ರ ಮೂರು ತಿಂಗಳಿಗೆ ಒಂದು ಕ್ವಿಂಟಲ್ ಚೀಲ ಬೇಕಾದಷ್ಟಾತು. ತೊಗರಿ ಬ್ಯಾಳಿ ದಿನಾ ಸಾರಿಗೆ 150 ಗ್ರಾಂ ಹಿಡದ್ರ ತಿಂಗಳಿಗೆ ನಾಲ್ಕೂವರಿ ಕೆಜಿ, ಮೂರು ತಿಂಗಳಿಗೆ ಹದಿನಾಲ್ಕು ಕೆಜಿ. ಎಣ್ಣಿ ತಿಂಗಳಿಗೆ ಮೂರು ಲೀಟರ್‌ದಾಗ ಮುಗಿಸಬಹುದು, ಬಜ್ಜಿ ಪೂರಿ ಕರಿಯೋದು ಕಡಿಮಿ ಇದ್ರ ಇನ್ನೂ ಉಳಿತದ. ಅನ್ನಕ್ಕ ಪಡಿತರ ಅಕ್ಕಿ ಎಷ್ಟು ಬರ್ತದ ಅದನ್ನ ಕಳದು ಉಳಿದಿದ್ದಷ್ಟೇ ತರ್ರಿ.

ನಮ್ಮ ಜಿಲ್ಲಾದವ್ರಿಗೆ ಒಂದು ದೊಡ್ಡ ಅನುಕೂಲ ಅದ, ಎಲ್ಲಾ ಸುಗ್ಗಿ ಬ್ಯಾಸಗಿಕಿಂತ ಮೊದ್ಲೇ ಬರ್ತಾವ. ಡಿಸೆಂಬರ್‌ದಿಂದ ಫೆಬ್ರುವರಿ ತನಕ ತೊಗರಿ, ಫೆಬ್ರುವರಿ ಮಾರ್ಚಿಗೆ ಕಡ್ಲಿ ಮತ್ತ ಹಿಂಗಾರಿ ಬಿಳಿಜ್ವಾಳ, ಅದರ ಹಿಂದಿಂದೇ ಗೋದಿ, ಹೊಸ ಕೆಂಪ ಮೆಣಸಿನಕಾಯಿ, ಹುಣಸಿ ಹಣ್ಣು. ಅದಕ್ಕ ಒಂದೇ ದಿನ ಎಲ್ಲಾ ತರೋ ಬದ್ಲಿ ಸುಗ್ಗಿ ಬಂದಂಗ ಬಂದಂಗ ತಗೊಳ್ರಿ. ಸಂಕ್ರಾಂತಿ ಪಗಾರದಾಗ ತೊಗರಿ, ಮುಂದಿನ ತಿಂಗಳು ಜ್ವಾಳದ ಚೀಲ, ಮಾರ್ಚಿನ ಕಡಿ ಪಗಾರದಾಗ ಗೋದಿ ಮೆಣಸಿನಕಾಯಿ ಹುಣಸಿ, ಎಣ್ಣಿ, ಚಾಪುಡಿ, ಸಕ್ರಿ, ಸಬಕಾರ. ಹಿಂಗ ಮಾಡಿದ್ರ ಯಾವ ತಿಂಗಳೂ ಕೈ ಪೂರಾ ಬರಿದಾಗಂಗಿಲ್ಲ, ಮತ್ತ ಮಾಲೂ ಹೊಸದೇ ಸಿಗ್ತದ. ಪಗಾರ ನಿಲ್ಲೋದು ಮಳಿಗಾಲದಾಗ ಇದ್ದವರಿಗೂ ಇದೇ ಹೇಳ್ತೀನಿ, ಕಾಳು ಸುಗ್ಗಿಯಾಗ ತಗೊಂಡು ಇಡ್ರಿ, ಎಣ್ಣಿ ಸಕ್ರಿ ಆಮ್ಯಾಲ ತಂದ್ರೂ ನಡೀತದ.

ತೊಗರಿ ಬ್ಯಾಳಿ ತಗೊಳ್ಳೋದು

ಇದರ ಬಗ್ಗೆ ಜರಾ ಉದ್ದ ಬರೀತೀನಿ, ಯಾಕಂದ್ರ ಮನಿ ಖರ್ಚಿನಾಗ ಇದರ ರೇಟೇ ಎಲ್ಲಕ್ಕಿಂತ ಹೆಚ್ಚ ಏರ್ತದ ಇಳಿತದ. 2022ರ ಹಂಗಾಮಿನ್ಯಾಗ ನಮ್ಮ ಜಿಲ್ಲಾದಾಗ ನೆಟೆರೋಗ ಬಂದು ತೊಗರಿ ಹೊಲಾನೇ ಒಣಗಿ ನಿಂತು, ಮುಂದಿನ ವರ್ಷ ಬ್ಯಾಳಿ ರೇಟು ಹ್ಯಾಂಗ ಏರ್ತು ಎಲ್ಲಾರಿಗೂ ನೆನಪದ. ಕಲಬುರಗಿ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್ (ಈ ಮಾಲು ಇದೇ ಊರಿಂದು ಅನ್ನೋ ಸರ್ಕಾರಿ ಗುರುತು) ಸಿಕ್ಕದ, ಹೊರಗಿನ ಮಂದಿ ಹುಡುಕಿ ತರಿಸ್ಕೊಂತಾರ, ನಮಗ ಮನಿ ಬಾಗಿಲಿಗೇ ಸಿಗೋ ಮಾಲು ಅದು.

ಅಂಗಡ್ಯಾಗ ಹೇಳೋ ರೇಟು ಬರೋಬ್ಬರಿ ಅದನೋ ಇಲ್ಲೋ ನೋಡೋಕೆ ಒಂದು ಸರಳ ಲೆಕ್ಕ ಅದ. ಒಂದು ಕ್ವಿಂಟಲ್ ತೊಗರಿ ಕಾಳು ಮಿಲ್ಲಿಗೆ ಹಾಕಿದ್ರ ಸುಮಾರು 70ರಿಂದ 75 ಕೆಜಿ ಬ್ಯಾಳಿ ಬರ್ತದ, ಉಳಿದಿದ್ದು ಹೊಟ್ಟು ಚುನ್ನಿ. ಅಂದ್ರ ನಮ್ಮ ಕಲಬುರಗಿ ಸಗಟು ಮಾರ್ಕೆಟ್ ನೆಹರು ಗಂಜಿನ್ಯಾಗ ಇವತ್ತು ತೊಗರಿ ಕ್ವಿಂಟಲ್ ಎಷ್ಟು ಅಂತ ಕೇಳಿ ಅದಕ್ಕ 72ರಿಂದ ಭಾಗಿಸ್ರಿ, ತೊಗರಿ 7200 ಇದ್ರ ಬ್ಯಾಳಿ ಕಾಳಿನ ಖರ್ಚೇ ಕಿಲೋಕ್ಕ ನೂರು ಆತು, ಅದರ ಮ್ಯಾಲ ಮಿಲ್ಲಿನ ಖರ್ಚು, ಅಂಗಡಿ ಲಾಭ ಕೂಡ್ತದ. ಇದಕ್ಕಿಂತ ಭಾಳ ಮ್ಯಾಲ ಹೇಳಿದ್ರ ಇನ್ನೊಂದು ಅಂಗಡಿ ಕೇಳ್ರಿ, ಇದಕ್ಕಿಂತ ಕೆಳಗ ಒಂದನೇ ನಂಬರ್ ಫಟಕಾ (ಆರಿಸಿದ ಛಲೋ ಬ್ಯಾಳಿ) ಅಂತ ಕೊಡಾಕ ಬಂದ್ರೂ ಸಂಶಯ ಮಾಡ್ರಿ. ಕೇಸರಿ ಬ್ಯಾಳಿ ಕಲಿಸಿರ್ತಾರ, ಅದು ತೊಗರಿಗತೆ ದುಂಡಗ ಇರಂಗಿಲ್ಲ, ಒಂದು ಬಾಜೂ ಓರೆ ಆಗಿ ಚೌಕ ಕಾಣ್ತದ, ಅಂಗೈ ಮ್ಯಾಲ ಹರಡಿ ನೋಡಿದ್ರ ತಿಳಿತದ. ಮತ್ತ ಒಂದು ಮುಷ್ಟಿ ನೀರಾಗ ಹಾಕಿದ ಕೂಡ್ಲೇ ನೀರು ಹಳದಿ ಬಿಟ್ರ ಬಣ್ಣ ಹಾಕ್ಯಾರ ಅಂತ ಅರ್ಥ, ಅಂಥದ್ದು ಸಸ್ತಾ ಇದ್ರೂ ತರಬ್ಯಾಡ್ರಿ.

ಪಾಲಿಶ್ ಮಾಡಿ ಫಳಫಳ ಹೊಳಿಯೋ ಬ್ಯಾಳಿಗೆ ಹೆಚ್ಚಿನ ರೊಕ್ಕ ಕೊಡೋ ಜರೂರತ್ತಿಲ್ಲ. ಕಪನೂರ, ನಂದೂರ ಕಡಿ ಬ್ಯಾಳಿ ಮಿಲ್ಲಿನಾಗ ಯಾರರ ಪರಿಚಯದವ್ರು ಇದ್ರ ಪಾಲಿಶ್ ಇಲ್ಲದ್ದು ಕೇಳಿ ತರಿಸ್ಕೊಳ್ರಿ. ಬರೇ ಸಾರು ತೊವ್ವಿಗೆ ಆದ್ರ ತುಂಡು ಬ್ಯಾಳಿನೂ ನಡೀತದ, ರೇಟಿನಾಗ ಫರಕ್ ಅದ, ಕುಕ್ಕರಿನಾಗ ಕರಗಿದ ಮ್ಯಾಲ ಇಡೀದ್ಯಾವದು ತುಂಡ್ಯಾವದು ಯಾರಿಗೂ ಗೊತ್ತಾಗಂಗಿಲ್ಲ. ಹೋಳಗಿಗೆ ಬೇಕಂದ್ರ ಮಾತ್ರ ಇಡೀ ಬ್ಯಾಳಿ ಎರಡು ಕೆಜಿ ಬ್ಯಾರೆ ಇಟ್ಕೊಳ್ರಿ. ಹಳ್ಳಿಯಾಗ ಸ್ವಂತ ಹೊಲದ ತೊಗರಿ ಇದ್ದವ್ರು, ತವರಮನಿಯಿಂದ ಬರೋರು, ಕಾಳು ಮಾರಿ ಬ್ಯಾಳಿ ಕೊಳ್ಳೋಕಿಂತ ಮನಿಗೆ ಆಗೋವಷ್ಟು ಕಾಳು ಹಿಂದಿಟ್ಟು ಸಣ್ಣ ಮಿಲ್ಲಿನಾಗ ಒಡಿಸ್ಕೊಳ್ಳೋದು ಛಲೋ. ಎಣ್ಣಿ ಅಥವಾ ಕೆಮ್ಮಣ್ಣು ಹಚ್ಚಿ ನೆನಸಿ ಒಣಗಿಸಿ ಬೀಸುಕಲ್ಲಿನಾಗ ಒಡಿಯೋ ಪದ್ಧತಿ ಇನ್ನೂ ಗೊತ್ತಿರೋ ಹಿರಿಯರು ಊರಾಗ ಅದಾರ, ಅವರ ಕೈ ಕೆಳಗ ಕುಂತು ಕಲ್ತುಬಿಡ್ರಿ.

ಒಂದು ಮಾತು ನೆನಪಿಡ್ರಿ, ತೊಗರಿ ಇಡೀ ಕಾಳಿಗೆ ಹುಳ ಜಲ್ದಿ ಹತ್ತತದ, ಒಡೆದ ಬ್ಯಾಳಿಗೆ ಅಷ್ಟು ಹತ್ತಂಗಿಲ್ಲ. ಆ ಹುಳ ಹೊಲದಾಗೇ ಕಾಯಿ ಮ್ಯಾಲ ತತ್ತಿ ಇಟ್ಟಿರ್ತದ, ಮನಿಗೆ ಬಂದ ಮ್ಯಾಲ ಕಾಳಿನೊಳಗೇ ಬೆಳದು ತೂತು ಕೊರದು ಹೊರಗ ಬರ್ತದ. ಅದಕ್ಕ ಮೂರು ತಿಂಗಳಿಗೆ ಇಡೋದಾದ್ರ ಒಡಿಸಿ ಬ್ಯಾಳಿ ಮಾಡಿ ಇಡೋದೇ ಸುರಕ್ಷಿತ. ಹೆಸರು, ಮಡಕಿ, ಅಲಸಂದಿ, ಕಡ್ಲಿ ಇಂಥಾ ಇಡೀ ಕಾಳು ಇಡೋದಿದ್ರ ಬಿಸಲಿಗೆ ಒಣಗಿಸಿ ಕಿಲೋಕ್ಕ ಒಂದು ಚಮಚ ಔಡಲ ಎಣ್ಣಿ ಹಚ್ಚಿ ಕೈಯಿಂದ ತಿಕ್ಕಿ ಇಡ್ರಿ, ಅಡಿಗಿಗೆ ತಗೊಂಡಾಗ ಬಿಸಿನೀರಾಗ ತೊಳದ್ರ ಹೋಗ್ತದ.

ಜ್ವಾಳ

ರೊಟ್ಟಿಗೆ ಹಿಂಗಾರಿ ಮಾಲದಂಡಿ ಬಿಳಿಜ್ವಾಳ ತಗೊಳ್ರಿ. ಮುಂಗಾರಿ ಹೈಬ್ರಿಡ್ ಜ್ವಾಳ ಸಸ್ತಾ ಸಿಗ್ತದ ಖರೆ, ಆದ್ರ ರೊಟ್ಟಿ ಬಿರುಸು ಆಗ್ತದ, ಮಕ್ಕಳು ಅರ್ಧ ತಿಂದು ಬಿಡ್ತಾರ, ಬಿಟ್ಟಿದ್ದು ನುಕ್ಸಾನೇ ಅಲ್ಲ? ಹೈಬ್ರಿಡ್ ತಂದ್ರೂ ನುಚ್ಚು ಅಂಬಲಿಗೆ ಅಂತ ಹತ್ತು ಕೆಜಿ ಸಾಕು. ತಗೊಳ್ಳೋ ಮುಂದ ಚೀಲದ ಮ್ಯಾಲಿಂದು ನೋಡಿ ಹೂಂ ಅನಬ್ಯಾಡ್ರಿ, ಕೈ ಮೊಳಕೈ ತನಕ ಒಳಗ ಹಾಕಿ ಕೆಳಗಿಂದು ತಗೀರಿ, ಒಳಗ ಬೆಚ್ಚಗ ಹತ್ತಿದ್ರ ಅಥವಾ ಮುಗ್ಗ ವಾಸನಿ ಬಂದ್ರ ಒಣಗಿಲ್ಲ ಅಂತ ಅರ್ಥ. ಎರಡು ಕಾಳು ಹಲ್ಲಿಗೆ ಹಾಕ್ರಿ, ಕಟ್ ಅಂತ ಒಡಿಬೇಕು, ಮೆತ್ತಗ ಚಪ್ಪಟಿ ಆದ್ರ ಹಸಿ ಅದ, ತೂಕಕ್ಕ ನೀರಿನ ರೊಕ್ಕ ಕೊಟ್ಟಂಗ ಆಗ್ತದ ಮತ್ತ ಒಂದೇ ತಿಂಗಳಿಗೆ ಹುಳ ಬೀಳ್ತಾವ. ಹೋದ ವರ್ಷದ ಹಳೀ ಜ್ವಾಳ ಹೊಸದ್ರಾಗ ಕಲಿಸಿ ಮಾರೋರೂ ಅದಾರ, ಹಳೀದಕ್ಕ ಜಿಗಿ ಇರಂಗಿಲ್ಲ ರೊಟ್ಟಿ ಬಡಿಯೋ ಮುಂದ ಹರಿತದ, ಅದಕ್ಕ ಪೈಲಾ ಎರಡು ಕೆಜಿ ತಂದು ಬೀಸಿಸಿ ರೊಟ್ಟಿ ಮಾಡಿ ನೋಡಿ ಅದೇ ಅಂಗಡ್ಯಾಗ ಅದೇ ಚೀಲದ್ದು ಬೇಕು ಅಂತ ಹೇಳಿ ತಗೊಳ್ರಿ. ಬರೋಬ್ಬರಿ ವ್ಯಾಪಾರ ಮಾಡೋ ಸಾವ್ಕಾರ್ರು ಇದಕ್ಕ ಬ್ಯಾಸರ ಮಾಡ್ಕೊಳಂಗಿಲ್ಲ.

ಒಬ್ರಿಗೇ ಕ್ವಿಂಟಲ್ ತಗೊಳ್ಳೋಕೆ ರೊಕ್ಕ ಸಾಲ್ದಿದ್ರ ಬಾಜೂ ಮನಿಯವ್ರು ಅಕ್ಕ ತಂಗೇರು ಮೂರ್ನಾಕು ಮನಿ ಕೂಡಿ ಒಂದೇ ಸಲ ತಗೊಂಡು ಹಂಚ್ಕೊಳ್ರಿ, ಗಂಜಿನ್ಯಾಗ ಚೀಲದ ರೇಟೇ ಬ್ಯಾರೆ, ಓಣಿ ಅಂಗಡ್ಯಾಗಿನ ಕಿಲೋ ರೇಟೇ ಬ್ಯಾರೆ. ಟಂಟಂ ಬಾಡಗಿನೂ ಹಂಚಿ ಹೋಗ್ತದ. ಆಳಂದ, ಜೇವರ್ಗಿ, ಸೇಡಂ ಕಡಿಯಿಂದ ಹೆಣ್ಮಕ್ಕಳು ಬರೋದಿದ್ರ ಶಕ್ತಿ ಯೋಜನಾದಾಗ ಬಸ್ಸಿಗೆ ಟಿಕೀಟಿನ ರೊಕ್ಕ ಇಲ್ಲ, ಹಿಂಗಾಗಿ ರೇಟು ಕೇಳಾಕ ಅಂತ ಒಂದು ಸಲ ಬಂದು ಹೋಗೋದು ತುಟ್ಟಿ ಬೀಳಂಗಿಲ್ಲ, ಲಗೇಜಿನ ಚಾರ್ಜು ಮಾತ್ರ ಕಂಡಕ್ಟರ್‌ಗೆ ಮೊದ್ಲೇ ಕೇಳ್ರಿ. ಇನ್ನೊಂದು, 2022ರ ಜುಲೈದಿಂದ 25 ಕೆಜಿ ತನಕದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಹಿಟ್ಟು, ಬ್ಯಾಳಿಗೆ 5 ಪರ್ಸೆಂಟ್ ಜಿಎಸ್‌ಟಿ ಬಂದದ, ಬಿಚ್ಚಿ ಮಾರೋದಕ್ಕ ಇಲ್ಲ, ಅದಕ್ಕೇ 26 ಕೆಜಿ ಅಕ್ಕಿ ಚೀಲ ಮಾರ್ಕೆಟ್ಟಿಗೆ ಬಂದಾವ. ಮಾಲು ಒಂದೇ ಇದ್ರ ಬಿಚ್ಚಿದ್ದು ತಗೊಳ್ರಿ.

ತಂದಿದ್ದು ಕೆಡದಂಗ ಇಡೋದು

ಎಷ್ಟೋ ಮಂದಿ ತರೋದೆಲ್ಲ ಬರೋಬ್ಬರಿ ತರ್ತಾರ, ಇಡೋದ್ರಾಗ ಕಳ್ಕೋತಾರ. ನಮ್ಮ ಅಜ್ಜ ಮುತ್ತ್ಯಾರ ಕಾಲಕ್ಕ ಹಗೇವು ಇದ್ದು, ನೆಲದೊಳಗ ಗಾಳಿ ಆಡದಂಗ ಮುಚ್ಚಿ ವರ್ಷಾನುಗಟ್ಟಲೆ ಜ್ವಾಳ ಇಡ್ತಿದ್ರು. ಗಾಳಿ ಇಲ್ಲಂದ್ರ ಹುಳ ಬದುಕಂಗಿಲ್ಲ, ಹಸಿ ಇಲ್ಲಂದ್ರ ಮುಗ್ಗ ಹಿಡಿಯಂಗಿಲ್ಲ, ಇವೆರಡೇ ಇದ್ದದ್ದು ಅದ್ರಾಗ. ಬಾಡಗಿ ಮನಿಯಾಗ ಇದೇ ಕೆಲಸ ತಗಡಿನ ಪೀಪಾಯಿ, ಬಿಗಿ ಮುಚ್ಚಳದ ಪ್ಲ್ಯಾಸ್ಟಿಕ್ ಡ್ರಮ್ಮಿನಾಗ ಮಾಡಬೇಕು.

ಜ್ವಾಳ ಗೋದಿ ತಂದ ಕೂಡ್ಲೇ ಕಸ ಆರಿಸಿ ಮಾಳಿಗಿ ಮ್ಯಾಲ ಹಾಸಿ ತೆಳ್ಳಗ ಹರವಿ ಎರಡ್ಮೂರು ದಿನ ಬಿಸಲು ಹಚ್ಚ್ರಿ, ಕಲಬುರಗಿ ಮಾರ್ಚ್ ಏಪ್ರಿಲ್ ಬಿಸಲಿಗಿಂತ ಛಲೋ ಮಷಿನ್ ಯಾವುದೂ ಇಲ್ಲ. ಆದ್ರ ಬಿಸಿ ಬಿಸಿ ಕಾಳು ಹಂಗೇ ಡ್ರಮ್ಮಿಗೆ ತುಂಬಬ್ಯಾಡ್ರಿ, ಒಳಗ ಬೆವತು ನೀರು ಹನಿ ಹಿಡಿತದ, ರಾತ್ರಿ ಮನಿಯೊಳಗ ಹರವಿ ಪೂರಾ ತಣ್ಣಗಾದ ಮ್ಯಾಲ ಮುಂಜಾನಿ ತುಂಬ್ರಿ. ಅಕ್ಕಿ ಮಾತ್ರ ಕಡಕ್ ಬಿಸಲಿಗೆ ಹಾಕಬ್ಯಾಡ್ರಿ, ಕಾಳು ಸೀಳಿ ನುಚ್ಚಾಗ್ತದ, ನೆರಳಾಗ ಗಾಳಿಗೆ ಆರಿದ್ರ ಸಾಕು. ಡ್ರಮ್ಮನ್ನೂ ಒಂದು ದಿನ ಬಿಸಲಿಗೆ ಬೋರಲ ಹಾಕಿ ಹಳೀ ಹಿಟ್ಟು ನುಸಿ ಮೂಲಿಯೊಳಗ ಉಳದಂಗ ಒರಸಿ ಆಮ್ಯಾಲ ತುಂಬ್ರಿ, ಎಷ್ಟೋ ಸಲ ಹೊಸ ಕಾಳಿಗೆ ಹುಳ ಬರೋದು ಹಳೀ ಡಬ್ಬಿಯಿಂದೇ.

ತುಂಬೋ ಮುಂದ ಒಣಗಿದ ಬೇವಿನ ಎಲಿ ನಡುವ ನಡುವ ಹಾಕಿ, ಕಂಠದ ತನಕ ತುಂಬ್ರಿ, ಮ್ಯಾಲ ಜಾಗಾ ಖಾಲಿ ಬಿಟ್ಟಷ್ಟು ಹುಳಕ್ಕ ಗಾಳಿ. ಎಲಿ ನೆರಳಾಗ ಪೂರಾ ಒಣಗಿರಬೇಕು, ಹಸಿ ಎಲಿ ಹಾಕಿದ್ರ ಅದರ ನೀರೇ ಕಾಳಿಗೆ ಹತ್ತತದ. ಒಂದೇ ದೊಡ್ಡ ಡ್ರಮ್ಮಿಗಿಂತ ಎರಡು ಮೂರು ಮಾಡ್ಕೊಳ್ರಿ, ದಿನಾ ತಗಿಯೋದು ಒಂದು, ಉಳಿದಿದ್ದು ಅದರ ತಿಂಗಳು ಬರೋ ತನಕ ಮುಚ್ಚಳ ತಗೀಲಾರದಂಗ ಇರಲಿ. ಗ್ವಾಡಿಗೆ ಹಚ್ಚಿ ನೆಲದ ಮ್ಯಾಲ ಇಡಬ್ಯಾಡ್ರಿ, ಕೆಳಗ ಹಲಗಿ ಇಲ್ಲ ಇಟ್ಟಂಗಿ ಇಟ್ಟು ಒಂದು ಗೇಣು ಗ್ವಾಡಿ ಬಿಟ್ಟು ಇಡ್ರಿ.

ಇದನ್ನ ಕೈ ಮುಗದು ಹೇಳ್ತೀನಿ, ಕಾಳಿನಾಗ ಇಡೋ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗಿ ಮನಿಯೊಳಗ ತರಬ್ಯಾಡ್ರಿ. ಗೋದಾಮಿನಾಗ ಟ್ರೇನಿಂಗ್ ಆದವ್ರು ಬಳಸೋದು ಅದು, ಹಸಿ ಹತ್ತಿದ್ರ ವಿಷದ ಗ್ಯಾಸ್ ಬಿಡ್ತದ, ಮುಚ್ಚಿದ ಖೋಲಿಯಾಗ ಮಲಗಿದ ಮಂದಿ ಜೀವಕ್ಕೇ ಬರ್ತದ. ಪಾರದ ಗುಳಿಗಿ, ಬೋರಿಕ್ ಪೌಡರ್ ಹಚ್ಚೋದೂ ಬ್ಯಾಡ. ಹುಳ ಬಿದ್ರ ಮತ್ತ ಬಿಸಲಿಗೆ ಹಾಕಿ ಕೇರಿ ಜರಡಿ ಹಿಡಿರಿ, ಅಷ್ಟೇ. ಜರಡಿ ಹಿಡದ್ರೂ ಮುಗ್ಗ ವಾಸನಿ ಹೋಗಲಿಲ್ಲ, ಕಾಳಿಗೆ ಹಸಿರು ಕಪ್ಪು ಬೂಜು ಬಂದದ ಅಂದ್ರ ತಿನಬ್ಯಾಡ್ರಿ, ಶೇಂಗಾಕ್ಕಂತೂ ಇದು ಪಕ್ಕಾ, ಬೂಜು ಬಂದ ಶೇಂಗಾದ ವಿಷ ಹುರದ್ರೂ ಪೂರಾ ಹೋಗಂಗಿಲ್ಲ, ಲಿವರಿಗೆ ಪೆಟ್ಟು.

ಹಿಟ್ಟು ಮಾಡಿ ಇಡೋದು ಬ್ಯಾಡ. ಜ್ವಾಳದ ಹಿಟ್ಟು ದಿನ ಹೋದಂಗ ಜಿಗಿ ಕಳ್ಕೊಂಡು ಕಹಿ ಆಗ್ತದ, ಬ್ಯಾಸಗಿಯೊಳಗ ವಾರ ಹತ್ತು ದಿನಕ್ಕ ಆಗೋವಷ್ಟೇ ಗಿರಣಿಗೆ ಕಳಸ್ರಿ. ಕಡ್ಲಿ ಹಿಟ್ಟು ಬದ್ಲಿ ಕಡ್ಲಿ ಬ್ಯಾಳಿ ಇಟ್ಟು ಬೇಕಾದಾಗ ಬೀಸಿಸ್ರಿ, ಝುಣಕದ ರುಚಿನೂ ಬ್ಯಾರೆ ಬರ್ತದ. ಅಗಸಿ, ಗುರೆಳ್ಳು ಕಾಳಾಗೇ ಇರಲಿ, ಹಿಂಡಿ ಕುಟ್ಟಿದ್ದು ಹದಿನೈದು ದಿನಕ್ಕ ಮುಗಿಯೋವಷ್ಟು ಸಾಕು. ಶೇಂಗಾ ಸಿಪ್ಪಿ ಸಮೇತ ಇಟ್ರ ಭಾಳ ದಿನ ಇರ್ತದ. ರವಾ ಮಾತ್ರ ಹುಳಕ್ಕ ಭಾಳ ಸೇರ್ತದ, ಫ್ರಿಜ್ ಇದ್ದವ್ರು ನಾಲ್ಕೈದು ದಿನ ಫ್ರೀಜರಿನಾಗ ಇಟ್ಟು ತಗದು ಡಬ್ಬಿಗೆ ಹಾಕ್ರಿ, ಇಲ್ಲದವ್ರು ಬೆಚ್ಚಗ ಹುರದು ಇಡ್ರಿ.

ಉಳಿದ ಸಾಮಾನು

ಎಣ್ಣಿ ತಗೊಳ್ಳೋ ಮುಂದ ಪಾಕೀಟಿನ ರೇಟು ನೋಡಬ್ಯಾಡ್ರಿ, ತೂಕ ಓದ್ರಿ. ಒಂದು ಲೀಟರ್ ಎಣ್ಣಿ ಅಂದ್ರ ಸುಮಾರು 910 ಗ್ರಾಂ, ಅದೇ ಸೈಜು ಕಾಣೋ ಪಾಕೀಟಿನಾಗ 850, 750 ಗ್ರಾಂ ಇರೋವೂ ಬರ್ತಾವ, ಸಸ್ತಾ ಅನ್ಸಿ ತಗೊಂತೀವಿ. ಡಬ್ಬಿ ತಂದ್ರ ಸಸ್ತಾ ಬೀಳ್ತದ ಖರೆ ಆದ್ರ ತುಂಬಿದ ಡಬ್ಬಿ ನೋಡಿ ಕೈ ಉದಾರ ಆಗ್ತದ, ಅದಕ್ಕ ತಿಂಗಳ ಎಣ್ಣಿ ಬ್ಯಾರೆ ಕ್ಯಾನಿಗೆ ಅಳತಿ ಮಾಡಿ ಸುರದು ಡಬ್ಬಿ ಮುಚ್ಚಿ ಇಡ್ರಿ. ಮೇ ತಿಂಗಳು ಇಲ್ಲಿ 42, 43 ಡಿಗ್ರಿ ಮುಟ್ತದ, ತಗಡಿನ ಶೆಡ್ಡು ಕಿಟಕಿ ಬಾಜೂ ಎಣ್ಣಿ ಇದ್ರ ಜಲ್ದಿ ಕಮಟು ವಾಸನಿ ಬರ್ತದ, ಮನಿಯಾಗ ಎಲ್ಲಕ್ಕಿಂತ ತಂಪ ಕತ್ತಲ ಮೂಲಿ ಎಣ್ಣಿಗೆ ಕೊಡ್ರಿ.

ಉಪ್ಪು, ಸಕ್ರಿ, ಸಾಸಿವಿ, ಜೀರಗಿ, ಅರಿಷಿಣ ಇವು ಒಣಗಿದ ಡಬ್ಬಿಯಾಗ ಸುಮ್ಮನ ಇರ್ತಾವ, ಇವಕ್ಕ ತಲಿ ಕೆಡಿಸ್ಕೋಬ್ಯಾಡ್ರಿ. ಹುಣಸಿ ಹಣ್ಣು ಬೀಜ ತಗದು ಉಪ್ಪು ಹಚ್ಚಿ ಒತ್ತಿ ಗಡಗಿಯಾಗ ಇಡ್ರಿ. ಮೆಣಸಿನಕಾಯಿ ಒಣಗಿಸಿ ಅರ್ಧ ಹಂಗೇ ಇಟ್ಟು ಅರ್ಧ ಮಸಾಲಿ ಖಾರ ಕುಟ್ಟಸ್ರಿ, ಮಸಾಲಿ ಖಾರ ಇದ್ರ ಬರೇ ಉಳ್ಳಾಗಡ್ಡಿ ಹಾಕಿದ ಸಾರಿಗೂ ರುಚಿ ಬರ್ತದ. ಬಿಸಲು ಇರೋ ತನಕ ಹಪ್ಪಳ, ಶ್ಯಾವಿಗಿ, ಅಕ್ಕಿ ಸಂಡಿಗಿ ಮನಿಯಾಗೇ ಮಾಡ್ಕೊಳ್ರಿ. ಕಡ್ಲಿ ಪಲ್ಯ ಹೊಲದಾಗ ಇನ್ನೂ ಎಳೀದು ಇರೋ ಮುಂದ ತಂದು ಒಣಗಿಸಿ ಇಟ್ಕೊಂಡ್ರ ಮೇದಾಗ ಕಣ್ಣಿ ಮಾರ್ಕೆಟ್ಟಿನಾಗ ಕಾಯಿಪಲ್ಯ ತುಟ್ಟಿ ಆದಾಗ ಬ್ಯಾಳಿಯೊಳಗ ಕುದಿಸಿ ಒಗ್ಗರಣಿ ಕೊಟ್ರ ನಾಲ್ಕು ರೊಟ್ಟಿ ಸಾಲಂಗಿಲ್ಲ. ಮಾರ್ಚಿನ ಬಳ್ಳೊಳ್ಳಿ, ಉಳ್ಳಾಗಡ್ಡಿ ಒಣಗಿದ್ದು ನೋಡಿ ಗಾಳಿ ಆಡೋ ಬುಟ್ಟಿಯಾಗ ಇಡ್ರಿ, ಬಟಾಟಿ ಜೊತಿ ಬ್ಯಾಡ, ಎರಡೂ ಕೆಡ್ತಾವ.

ಮೈ ಸಬಕಾರ, ಬಟ್ಟಿ ಸಬಕಾರ, ಹಲ್ಲಿನ ಪೇಸ್ಟು, ಹೆಣ್ಮಕ್ಕಳಿಗೆ ಪ್ಯಾಡು, ಕೂಸಿದ್ರ ಕೂಸಿನ ಸಾಮಾನು, ಇವು ಪಟ್ಟಿಯೊಳಗ ಬಿಟ್ಟು ಹೋಗ್ತಾವ, ಆಮ್ಯಾಲ ರೊಕ್ಕ ಇಲ್ಲದಾಗ ಇವೇ ಚುಚ್ತಾವ. ತಂದು ಇಡ್ರಿ, ಇವು ಕೆಡೋವಲ್ಲ. ಬಿಸ್ಕೀಟು, ನೂಡಲ್ಸು, ಚೂಡಾ, ಕೂಲ್ ಡ್ರಿಂಕ್ಸ್ ಮಾತ್ರ ಆಫರ್ ಅದ ಅಂತ ಕಟ್ಟು ಕಟ್ಟು ತರಬ್ಯಾಡ್ರಿ, ಮನಿಯಾಗ ಇದ್ರ ಮಕ್ಕಳು ಒಂದೇ ವಾರದಾಗ ಮುಗಸ್ತಾವ. ಮಕ್ಕಳಿಗೆ ಬಾಯಾಡ್ಸಾಕ ಶೇಂಗಾ ಬೆಲ್ಲ, ಪುಟಾಣಿ, ಚುರುಮುರಿ ಇರಲಿ, ಸುಸಲಾಕ್ಕೂ ಆಗ್ತದ.

ಪಡಿತರ ಚೀಟಿದು ಮೊದ್ಲೇ ನೋಡ್ಕೊಳ್ರಿ. ಬಿಪಿಎಲ್ ಕಾರ್ಡಿನ ಮ್ಯಾಲ ಕೇಂದ್ರದ್ದು ತಲಿಗೆ 5 ಕೆಜಿ, ಅಂತ್ಯೋದಯಕ್ಕ ಕಾರ್ಡಿಗೆ 35 ಕೆಜಿ ಪುಕ್ಕಟ ಅದ, ರಾಜ್ಯದ ಅನ್ನಭಾಗ್ಯದ್ದು ಅದರ ಮ್ಯಾಲ, ಅದು ಆಗಾಗ ಬದಲಾಗಿ ಬಂದದ, ಅದಕ್ಕ ಲೆಕ್ಕಕ್ಕ 5 ಕೆಜಿ ಅಷ್ಟೇ ಹಿಡೀರಿ, ಹೆಚ್ಚ ಬಂದ್ರ ಬಂತು. ಮನಿಯಾಗಿನ ಎಲ್ಲಾರದೂ ಇ-ಕೆವೈಸಿ ಆಗ್ಯಾದನೋ ಇಲ್ಲೋ ಪಗಾರ ಇರೋ ತಿಂಗಳದಾಗೇ ನ್ಯಾಯಬೆಲಿ ಅಂಗಡಿಗೆ ಹೋಗಿ ಕೇಳ್ರಿ, ಒಬ್ರ ಹೆಸರು ನಿಂತ್ರ ತಿಂಗಳಿಗೆ ಐದು ಕೆಜಿ ಹೋತು. ಆ ಅಕ್ಕಿ ಉಳಿತದ ಅಂತ ಓಣಿಗೆ ಬರೋ ಗಾಡಿಯವ್ರಿಗೆ ಮಾರಬ್ಯಾಡ್ರಿ, ಅದು ಕಾನೂನಿನ ಪ್ರಕಾರ ತಪ್ಪು, ಮತ್ತ ಅವ್ರು ಕೊಡೋ ರೊಕ್ಕಕ್ಕ ಹೊರಗ ಅರ್ಧ ಅಕ್ಕಿನೂ ಬರಂಗಿಲ್ಲ. ದ್ವಾಸಿ, ಪಡ್ಡು, ಸಂಡಿಗಿ ಎಲ್ಲಕ್ಕೂ ಅದೇ ಆಗ್ತದ. ಗೃಹಲಕ್ಷ್ಮಿ 2000 ಬರೋರು ಅದು ಖಾತೆಗೆ ಬಿದ್ದ ಮ್ಯಾಲೇ ಖರ್ಚಿಗೆ ಹಿಡೀರಿ.

ಪಗಾರ ನಿಂತ ಮ್ಯಾಲ

ಈಗ ತುಂಬಿದ್ದು ಮೂರು ತಿಂಗಳು ಮುಟ್ಟಬೇಕು. ಐತವಾರಕ್ಕೊಮ್ಮೆ ವಾರದ್ದು ಅಳದು ಅಡಿಗಿ ಮನಿ ಡಬ್ಬಿಗೆ ಹಾಕ್ರಿ, ಆ ವಾರ ಆ ಡಬ್ಬಿಯೊಳಗಿಂದೇ. ಡಬ್ಬಿ ಶುಕ್ರವಾರಕ್ಕೇ ಖಾಲಿ ಆದ್ರ ಯಾಕಾತು ನೋಡ್ರಿ, ಮಂದಿ ಬಂದಿದ್ರ ಸರಿ, ಬರೇ ಕೈ ಹೆಚ್ಚಾಗಿದ್ರ ಮುಂದಿನ ವಾರ ಹಿಡಿರಿ. ಬ್ಯಾಳಿ ಒಂದು ತಾಸು ನೆನಸಿ ಕುಕ್ಕರಿಗೆ ಇಟ್ರ ಗ್ಯಾಸ್ ಉಳಿತದ, 14.2 ಕೆಜಿ ಸಿಲಿಂಡರ್ ಹಿಂಗ ನಾಲ್ಕೈದು ದಿನ ಮುಂದ ದೂಡಬಹುದು. ಖಡಕ್ ರೊಟ್ಟಿ ಒಂದೇ ಸಲ ಮಾಡಿ ಇಟ್ರ ದಿನಾ ಎರಡು ಹೊತ್ತು ಹಂಚು ಇಡೋದು ತಪ್ಪತದ. ವಾರದಾಗ ಎರಡು ದಿನ ರಾತ್ರಿ ಜ್ವಾಳದ ನುಚ್ಚು ಮಜ್ಜಿಗಿ, ಒಂದು ದಿನ ಝುಣಕ, ಒಂದು ದಿನ ಪುಂಡಿ ಪಲ್ಯ ಅಂತ ಮಾಡಿದ್ರ ಬ್ಯಾಳಿ ತಾನೇ ಉಳಿತದ. ಆದ್ರ ಹಾಲು, ತತ್ತಿ, ಕಾಯಿಪಲ್ಯಕ್ಕ ಸಣ್ಣದಾದ್ರೂ ದಿನದ ರೊಕ್ಕ ಇಡ್ರಿ, ಬೆಳಿಯೋ ಮಕ್ಕಳಿಗೆ ಬರೇ ರೊಟ್ಟಿ ಹಿಂಡಿ ಮ್ಯಾಲ ಮೂರು ತಿಂಗಳು ತಗೀಬ್ಯಾಡ್ರಿ. ಮತ್ತ ಮನಿ ಹೆಣ್ಮಕ್ಕಳು ಎಲ್ಲಾರಿಗೂ ಬಡಿಸಿ ಉಳಿದಿದ್ದು ತಿಂದು ಲೆಕ್ಕ ಸರಿ ಮಾಡೋದು ನಮ್ಮ ಕಡೆ ಭಾಳ ಮನಿಯಾಗ ಅದ, ಹಂಗ ಮಾಡಬ್ಯಾಡ್ರಿ ತಂಗೇರೆ, ಲೆಕ್ಕ ಹಾಕೋ ಮುಂದೇ ನಿಮ್ಮ ತಾಟೂ ಹಿಡಿದು ಲೆಕ್ಕ ಹಾಕ್ರಿ.

ಓಣಿ ಕಿರಾಣಿ ಸಾವ್ಕಾರ್ರ ಹಳೀ ಉದ್ರಿ ಪಗಾರ ನಿಲ್ಲೋಕಿಂತ ಮೊದ್ಲು ಪೂರಾ ತೀರಿಸಿ, ಮುಂದಿನ ಮೂರು ತಿಂಗಳು ಹಿಂಗಿಂಗ ಅದ ಅಂತ ಇದ್ದದ್ದು ಇದ್ದಂಗ ಹೇಳಿ ಇಡ್ರಿ. ಮೊದ್ಲೇ ಹೇಳಿದವ್ರಿಗೆ ಅವ್ರು ಇಲ್ಲ ಅನ್ನಂಗಿಲ್ಲ. ಆ ಉದ್ರಿ ಚಾಪುಡಿ ಸಕ್ರಿಗೆ ಖರ್ಚ ಮಾಡ್ದೆ ಖರೆ ಅಡಚಣಿ ಬಂದ ದಿನಕ್ಕ ಅಂತ ಇಟ್ಕೊಳ್ರಿ.

ಜೂನ್ ಮಳಿ ಹತ್ತೋಕಿಂತ ಮೊದ್ಲು ಒಂದು ಸಲ ಉಳಿದ ಡ್ರಮ್ ತಗದು ಕಾಳು ಬಿಸಲು ಹಚ್ಚಿ ಮತ್ತ ತುಂಬ್ರಿ, ಮಳಿ ಶುರು ಆದ ಮ್ಯಾಲ ಹಸಿ ಗಾಳಿಗೆ ಬೆಲ್ಲ ನೀರೊಡಿತದ ಬ್ಯಾಳಿಗೆ ನುಸಿ ಏಳತಾವ, ಆಗ ಒಣಗಿಸಬೇಕಂದ್ರೂ ಬಿಸಲು ಸಿಗಂಗಿಲ್ಲ. ಪಗಾರ ಮತ್ತ ಚಾಲೂ ಆದ ತಿಂಗಳು ಪೈಲಾ ಉದ್ರಿ ಕೊಟ್ಟು ಎಣ್ಣಿ ಚಾಪುಡಿ ತರ್ರಿ. ಜ್ವಾಳ, ತೊಗರಿ ಬ್ಯಾಳಿ ಚೀಲಗಟ್ಟಲೆ ತಗೊಳ್ಳಾಕ ಅವಸರ ಮಾಡಬ್ಯಾಡ್ರಿ, ಮಳಿಗಾಲದ ಮಾಲು ಹಳೀದು, ಹುಳ ಹತ್ತಿದ್ದು ಇರೋದೇ ಜಾಸ್ತಿ, ಐದೈದು ಕೆಜಿ ತಂದು ನಡಸ್ರಿ, ಚೀಲದ ಖರೀದಿ ಮುಂದಿನ ಸುಗ್ಗಿಗೆ.